ಭಾನುವಾರದ ಹಿತುಕಿದ ಬೇಳೆ

ಬೆಂಗಳೂರಿಗೆ ಡಿಸೆಂಬರ್ ಚಳಿ ಬಂದರೆ ರಜೆ ಕಳೆಯೋಕೆ ಎರಡು ದಾರಿ. ಭಾನುವಾರ ಬೆಳಗಿನ ಜಾವ ಎದ್ದು ನಂದಿಬೆಟ್ಟಕ್ಕೆ ಓಡುವುದು, ಇಲ್ಲವೇ ಶನಿವಾರ ಸಂಜೆ ಅವರೆಕಾಯಿ ತರುವುದು. ನಂದಿ 1478 ಮೀಟರ್ ಎತ್ತರ, ಮೋಡ ಕಾಲಡಿಗೇ ಬರುತ್ತದೆ, ಎಲ್ಲ ನಿಜ. ಆದರೆ ಬೆಟ್ಟದ ಬುಡದಲ್ಲಿ ಗಾಡಿಗಳ ಸಾಲಲ್ಲಿ ಸಿಕ್ಕಿಕೊಂಡವರಿಗೆ ಕಾಣುವುದು ಮುಂದಿನ ಕಾರಿನ ಕೆಂಪು ದೀಪ ಮಾತ್ರ. ಸೂರ್ಯ ಯಾರಿಗೂ ಕಾಯದೆ ಮೇಲೆ ಹೋಗಿಬಿಟ್ಟಿರುತ್ತಾನೆ.

ನಮ್ಮದು ಅವರೆಕಾಯಿ ಪಕ್ಷ. ಹಿತುಕಿದ ಬೇಳೆಯನ್ನು ವಾರದ ರಜೆಗೆಂದೇ ಯಾರೋ ಕೂತು ಯೋಚಿಸಿದ ಹಾಗಿದೆ. ಶನಿವಾರ ಸಂಜೆ ಬಿಡಿಸು, ರಾತ್ರಿ ನೆನೆಹಾಕು, ಭಾನುವಾರ ಬೆಳಿಗ್ಗೆ ಹಿತುಕು, ಮಧ್ಯಾಹ್ನ ಉಣ್ಣು, ಮಲಗು.

ಗಾಂಧಿ ಬಜಾರಿನಲ್ಲಿ ಯಾವ ರಾಶಿಯ ಮುಂದೆ ನಿಂತರೂ ಕಾಯಿ ಮಾಗಡಿಯದೇ. ಅಮ್ಮ ನಂಬುವವರಲ್ಲ. ಒಂದು ಕಾಯಿ ಉಜ್ಜಿ, ಮೂಸಿ, ಬೆರಳಿಗೆ ಸೊಗಡು ಅಂಟಿತಾ ನೋಡಿ ಆಮೇಲೆ ಚೌಕಾಸಿ. ಮನೆಗೆ ಬಂದು ಬಿಡಿಸಲು ಕೂತರೆ ಮೊದಲು ಸಿಗುವುದು ಹಸಿರು ಹುಳ. ಮಗ ಕಿರುಚಿಕೊಂಡು ಸೋಫಾ ಹತ್ತಿದ. "ಹುಳ ಬಂದಿದೆ ಅಂದ್ರೆ ಔಷಧಿ ಹೊಡೆದಿಲ್ಲ ಅಂತ ಕಣೋ, ಒಳ್ಳೇದೇ" ಎಂದರು ಅಮ್ಮ. ಐದು ಕೆಜಿ ಕಾಯಿಗೆ ಎರಡು ಕೆಜಿ ಕಾಳು ಬಂದರೆ ಪುಣ್ಯ. ಉಳಿದದ್ದು ಸಿಪ್ಪೆ, ಬೆನ್ನುನೋವು, ಮತ್ತು ಊರವರ ಸುದ್ದಿ.

ಅಸಲಿ ಕಥೆ ಬೆಳಿಗ್ಗೆ. ನೆನೆದ ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಒತ್ತಿದರೆ ಬೇಳೆ ಪುಳಕ್ಕನೆ ಹಾರುತ್ತದೆ. ಎಲ್ಲಿಗೆ ಅನ್ನುವುದು ಅದರ ಇಷ್ಟ. ಒಂದು ಫ್ಯಾನಿನ ರೆಕ್ಕೆ ಮೇಲೆ ಕೂತಿತು. ಒಂದು ದೇವರ ಮನೆಗೇ ಹೋಯಿತು. ಮತ್ತೊಂದು ಪೇಪರ್ ಓದುತ್ತಿದ್ದ ಅಪ್ಪನ ಕಾಫಿಗೆ. ಅಪ್ಪ ಲೋಟ ಎತ್ತಿ ಕುಡಿದು, ನಿಧಾನಕ್ಕೆ ಅಗಿದು, "ಏನಮ್ಮ, ಇವತ್ತು ಕಾಫಿಪುಡಿ ಬೇರೆ ತರಿಸಿದ್ದೀಯಾ?" ಎಂದು ಸೊಸೆಯನ್ನು ಕೇಳಿದರು. ಅವಳು ನನ್ನ ಮುಖ ನೋಡಿದಳು. ನಾನು ಫ್ಯಾನ್ ನೋಡಿದೆ.

ಮಾತು ರಂಗೇರಿದಾಗ ಇನ್ನೊಂದು ಕಾಟ. ಬೇಳೆ ಸಿಪ್ಪೆಯ ಮೊರಕ್ಕೆ, ಸಿಪ್ಪೆ ಬೇಳೆಯ ಪಾತ್ರೆಗೆ. ಪಕ್ಕದ ಮನೆ ಸೀಮಂತದ ವಿಷಯ ಮುಗಿಯುವಷ್ಟರಲ್ಲಿ ಎರಡೂ ಕಲಸಿಹೋಗಿ, ಮತ್ತೆ ಮೊದಲಿಂದ ಆರಿಸಬೇಕಾಯಿತು. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಇನ್ನೊಂದು ಮನೆಯ ವಿಷಯ ಬಾಕಿ ಇತ್ತಲ್ಲ.

ಮಧ್ಯಾಹ್ನ ತೆಂಗಿನಕಾಯಿ, ಗಸಗಸೆ, ಚಕ್ಕೆ ಲವಂಗ ಅರೆದು ಹಾಕಿದ ಸಾರು, ಬಿಸಿ ಮುದ್ದೆ. ಬೆಳಿಗ್ಗೆಯೆಲ್ಲ ಹಿತುಕಿದ್ದು ಹತ್ತು ನಿಮಿಷಕ್ಕೆ ಖಾಲಿ. ಆಮೇಲೆ ಮನೆಯಲ್ಲಿ ಎಚ್ಚರ ಇದ್ದದ್ದು ಗಡಿಯಾರ ಒಂದೇ. ಸಂಜೆ ಎಲ್ಲರೂ ಸ್ವಲ್ಪ ದೂರ ದೂರ ಕೂತಿದ್ದರು. ಅವರೆಯ ಗುಣ ಗೊತ್ತಲ್ಲ.

ಸೋಮವಾರ ಬೆಳಿಗ್ಗೆ ಕಸದ ಗಾಡಿ ಬಂತು. ಎರಡು ಚೀಲ ಸಿಪ್ಪೆ ಹೊತ್ತುಕೊಂಡು ಸಂಕೋಚದಿಂದಲೇ ಕೆಳಗಿಳಿದೆ. ಗಾಡಿಯವರು ಚೀಲ ಇಸಕೊಂಡು, ಹಿಂದೆ ತುಂಬಿದ್ದ ಹಸಿರು ಗುಡ್ಡ ತೋರಿಸಿ ಕೇಳಿದರು: "ಏನ್ ಸಾರ್, ನಿಮ್ ಬಿಲ್ಡಿಂಗಲ್ಲಿ ಯಾರೂ ನಂದಿಬೆಟ್ಟಕ್ಕೆ ಹೋಗಲ್ವಾ?"