ಪಿ.ಜೆ. ಬಡಾವಣೆಯಲ್ಲಿ ಜ್ವಾಲಾಮುಖಿ

ಭಾರತದಲ್ಲಿ ಜೀವಂತ ಜ್ವಾಲಾಮುಖಿ ಇರುವುದು ಒಂದೇ, ಅದು ಅಂಡಮಾನಿನ ಬ್ಯಾರನ್ ದ್ವೀಪದಲ್ಲಿ ಎನ್ನುತ್ತದೆ ಪುಸ್ತಕ. ಬರೆದವರು ಶಾಲೆಗಳ ಪ್ರಾಜೆಕ್ಟ್ ಸೀಸನ್ನಿನಲ್ಲಿ ದಾವಣಗೆರೆಗೆ ಬಂದಿಲ್ಲ. ಮೊನ್ನೆ ಭಾನುವಾರ ರಾತ್ರಿ ಪಿ.ಜೆ. ಬಡಾವಣೆಯ ನಮ್ಮ ಬೀದಿಯೊಂದರಲ್ಲೇ 6 ಜ್ವಾಲಾಮುಖಿಗಳು ಉಕ್ಕಿದವು. ಅಡುಗೆ ಸೋಡಾ, ವಿನೆಗರ್, ಒಂದು ಚಿಟಿಕೆ ಕುಂಕುಮ. ಪ್ರಾಣಹಾನಿಯಿಲ್ಲ, ಎದುರುಮನೆಯವರ ಹೊಸ ಸೋಫಾ ಕೆಂಪಾಯಿತು, ಅಷ್ಟೇ.

ಇದಕ್ಕೆಲ್ಲ ಕಾರಣ ಅಣ್ಣನ ಮಗ ಓದುವ ಶಾಲೆಯ ವಾಟ್ಸಾಪ್ ಆದೇಶ. ‘ಮಗುವು ತನ್ನ ಆಸಕ್ತಿಯ ವಿಷಯವನ್ನು ತಾನೇ ಆರಿಸಿಕೊಂಡು ಕೈಯಾರೆ ಪ್ರಾಜೆಕ್ಟ್ ಮಾಡತಕ್ಕದ್ದು. ಸೋಮವಾರ ಬೆಳಿಗ್ಗೆ 9ರೊಳಗೆ ಸಲ್ಲಿಸತಕ್ಕದ್ದು. ತಪ್ಪಿದಲ್ಲಿ ಪೋಷಕರೇ ಹೊಣೆ.’ ಮನೆಗಂದಾಯದಂತೆ ಆಸಕ್ತಿಗೂ ಕೊನೆಯ ದಿನಾಂಕ! ಕೆಳಗೊಂದು ಪಟ್ಟಿ: ಜ್ವಾಲಾಮುಖಿ, ಸೌರವ್ಯೂಹ, ಮಳೆನೀರು ಕೊಯ್ಲು, ರೋಬೋಟು. ಇವುಗಳಲ್ಲಿ ಯಾವುದರ ಮೇಲೆ ಬೇಕಾದರೂ ಮಗು ಸ್ವಂತ ಆಸಕ್ತಿ ಬೆಳೆಸಿಕೊಳ್ಳಬಹುದು.

ನಮ್ಮ ಹುಡುಗನಿಗೆ ಆಸಕ್ತಿ ಇದ್ದದ್ದು ಮಂಡಕ್ಕಿ ಭಟ್ಟಿಯ ಮೇಲೆ. “ಚಿಕ್ಕಪ್ಪ, ಅನ್ನ ಮಾಡಿದ್ರೆ ಮೆತ್ತಗಾಗೋ ಅಕ್ಕಿ ಭಟ್ಟೀಲಿ ಯಾಕೆ ಹಂಗೆ ಉಬ್ಬತೈತಿ?” ಅಂತ ಪ್ರಾಣ ತಿಂದ. ಕರೆದುಕೊಂಡು ಹೋದೆ. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಹೊಟ್ಟು ಬಿಡಿಸಿ, ಉಪ್ಪುನೀರು ಹಿಡಿಸಿದ ಅಕ್ಕಿ ಕಾದ ಮರಳಿಗೆ ಬಿದ್ದೊಡನೆ ಒಳಗಿನ ತೇವ ಹಬೆಯಾಗಿ ಅದನ್ನು ಉಬ್ಬಿಸಿಬಿಡುತ್ತದೆ. ಹುಡುಗ ಬಾಯಿ ತೆರೆದುಕೊಂಡು ನಿಂತ. ಒಂದು ಲೋಟ ಅಕ್ಕಿಗೆ ಎಷ್ಟು ಲೋಟ ಮಂಡಕ್ಕಿ ಅಂತ ಅಳೆದ. ಜರಡಿ ಹಿಡಿದಿದ್ದ ಅಜ್ಜಿಯನ್ನು “ದಿನಕ್ಕೆ ಎಷ್ಟು ಕೊಡ್ತಾರೆ? ಯಾಕೆ ಹಿಂಗೆ ಕೆಮ್ತೀ?” ಅಂತಲೂ ಕೇಳಿದ. ಎರಡನೆಯದಕ್ಕೆ ಆಕೆ ಹೊಗೆಯ ಕಡೆ ಕೈ ತೋರಿಸಿದಳು. ಅದನ್ನೂ ಬರೆದುಕೊಂಡ.

ಶಾಲೆಯಲ್ಲಿ ಮಿಸ್ಸು ಪುಟ ತಿರುವಿ ನೋಡಿ, “ಮಂಡಕ್ಕಿ ಪಟ್ಟೀಲಿಲ್ಲ ಸಾರ್. ಮತ್ತೆ ಮಾಡೆಲ್ ಎಲ್ಲಿ?” ಅಂದರು. ಅವರದೂ ತಪ್ಪಲ್ಲ ಬಿಡಿ. ಸೋಮವಾರ ಸಂಜೆಯೊಳಗೆ ಅಷ್ಟೂ ಮಕ್ಕಳ ಮಾಡೆಲ್ ಜೊತೆಗಿನ ಫೋಟೋ ಮೇಲಿನವರಿಗೆ ಹೋಗಬೇಕು. ಕುತೂಹಲದ ಫೋಟೋ ತೆಗೆಯುವ ಮೊಬೈಲು ಇನ್ನೂ ಬಂದಿಲ್ಲ.

ಸರಿ, ಸ್ಟೇಷನರಿ ಅಂಗಡಿಗೆ ಓಡಿದೆವು. ಅಲ್ಲಿ ಜಾತ್ರೆ. ಮಾಲೀಕ ಕೇಳಿದ್ದು ಎರಡೇ ಪ್ರಶ್ನೆ: “ಯಾವ ಸ್ಕೂಲು ಸಾರ್? ಎಷ್ಟು ಮಾರ್ಕ್ಸ್ ಬೇಕು?” 250ರ ಮಾಡೆಲ್ಲಿಗೆ ಎ ಗ್ರೇಡು. 400ರದ್ದಕ್ಕೆ ಎ ಪ್ಲಸ್, ಯಾಕೆಂದರೆ ಬಲ್ಬು ಉರಿಯುತ್ತದೆ. ವೈರಿಂಗು, ಪಂಪು, ಬಣ್ಣದ ಹದ ಎಲ್ಲ ತಾನೇ ಮಾಡಿ ಮಾಡಿ ಕಲಿತಿದ್ದಾನೆ, ಗೊತ್ತಾಗದ್ದನ್ನು ಬಿಚ್ಚಿ ನೋಡುತ್ತಾನೆ. ಮಾಡುತ್ತಾ ಕಲಿ ಎಂಬುದನ್ನು ಈ ಊರಿನಲ್ಲಿ ನಿಷ್ಠೆಯಿಂದ ಪಾಲಿಸಿದವನು ಅವನೊಬ್ಬನೇ. ಎಸ್ಸೆಸ್ಸೆಲ್ಸಿ ಫೇಲು.

ಅಮೆರಿಕದ ಕಿಲ್‌ಪ್ಯಾಟ್ರಿಕ್ ಎಂಬ ಮೇಷ್ಟ್ರು 1918ರಲ್ಲೇ, ಮಗು ಮನಸಾರೆ ತೊಡಗುವ ಕೆಲಸಕ್ಕೆ ಪ್ರಾಜೆಕ್ಟ್ ಎನ್ನಿ ಎಂದು ಬರೆದ. ಮನಸ್ಸನ್ನು ನಾವು ಬಿಟ್ಟೆವು, ಹೆಸರನ್ನು ಇಟ್ಟುಕೊಂಡೆವು. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ, ಕಸುಬಿನ ಮೂಲಕವೇ ಪಾಠ ನಡೆಯಲಿ, ಮಗು ನೂಲುತ್ತಾ ಕಲಿಯಲಿ ಎಂದರು. ಹತ್ತಿ ಗಿರಣಿಗಳಿಗೆ ಹೆಸರಾಗಿದ್ದ ಈ ಊರಿನಲ್ಲಿ ಮಗುವಿನ ಕೈಗೆ ಈಗ ಹತ್ತಿ ಸಿಗುವುದು ಮಳೆನೀರು ಕೊಯ್ಲಿನ ಮಾಡೆಲ್ಲಿಗೆ ಮೋಡ ಅಂಟಿಸುವಾಗ. ಅದನ್ನೂ ಅಂಟಿಸುವುದು ಅವರಮ್ಮ. ನಿಜವಾದ ನೀರು ನಿಂತ ಕುಂದವಾಡ ಕೆರೆ ಊರಲ್ಲೇ ಇದೆ, ಆದರೆ ಅಲ್ಲಿಗೆ ಹೋದರೆ ಬಟ್ಟೆ ಕೊಳೆಯಾಗುತ್ತದೆ. ಹಾಗಾಗಿ ಥರ್ಮಾಕೋಲಿನ ಕೆರೆ.

2020ರ ಶಿಕ್ಷಣ ನೀತಿ 6ರಿಂದ 8ನೇ ತರಗತಿಯವರಿಗೆ 10 ದಿನ ಬ್ಯಾಗಿಲ್ಲದೆ ಕಲಿಯಿರಿ, ಬಡಗಿ, ತೋಟದ ಮಾಲಿ, ಕುಂಬಾರರ ಹತ್ತಿರ ಹೋಗಿ ಎಂದಿತು. ನಮ್ಮ ಶಾಲೆ ಕೂಡಲೇ ಒಪ್ಪಿತು. ಗೋಂದು, ಕತ್ತರಿ, ಚಾರ್ಟು, ನೀರಿನ ಬಾಟಲಿ ಹಾಕಿಕೊಂಡು ಬರಲು ಬ್ಯಾಗಿಲ್ಲದ ದಿನದ ವಿಶೇಷ ಬ್ಯಾಗು ಕೌಂಟರಿನಲ್ಲಿ ಲಭ್ಯ.

ಫಲಿತಾಂಶ ಬಂತು. ಅಣ್ಣ 400 ಕೊಟ್ಟು ತಂದ ಜ್ವಾಲಾಮುಖಿಗೆ ಎ ಪ್ಲಸ್ ಬದಲು ಬರೀ ಎ. ಯಾಕೆಂದರೆ ಹುಡುಗ ಹಟ ಹಿಡಿದು ಹೆಸರಿನ ಚೀಟಿಯನ್ನು ತಾನೇ ಬರೆದಿದ್ದ. ಷರಾ: ‘ಮಾಡೆಲ್ ಅಚ್ಚುಕಟ್ಟಾಗಿದೆ. ಕೈಬರಹ ಮಕ್ಕಳ ಹಾಗಿದೆ, ಮುಂದಿನ ಸಲ ಪೋಷಕರು ಗಮನಿಸಿ.’

ಸಂಜೆ ಅವನನ್ನು ಸಮಾಧಾನ ಮಾಡಲು ಮಿರ್ಚಿ ಮಂಡಕ್ಕಿ ಕೊಡಿಸಲು ಕರೆದೊಯ್ದೆ. ಗಾಡಿಯವನು ಬಿಳಿ ಎ4 ಹಾಳೆಯಲ್ಲಿ ಪೊಟ್ಟಣ ಸುತ್ತಿ ಕೊಟ್ಟ. ಹುಡುಗ ಮಂಡಕ್ಕಿ ಮುಗಿಸಿ, ಎಣ್ಣೆಯಾದ ಹಾಳೆ ಬಿಡಿಸಿ, ಗಟ್ಟಿಯಾಗಿ ಓದಿದ: “ಈ ಪ್ರಾಜೆಕ್ಟನ್ನು ನಾನೇ ಸ್ವತಃ ಮಾಡಿರುತ್ತೇನೆಂದು ದೃಢೀಕರಿಸುತ್ತೇನೆ.”