ಕೆಳಗ ಚಿಲಕ ಹಾಕಿಯೇನು?

ಮೊನ್ನೆ ರಾತ್ರಿ ಬಳ್ಳಾರಿ ಸೆಕೆಗೆ ಒಳಗೆ ಮಲಗಲು ಆಗಲಿಲ್ಲ. ನಾನೂ ಅಕ್ಕನೂ ಮಾಳಿಗೆ ಮೇಲೆ ಚಾಪೆ ಹಾಸಿ, ಮೊಬೈಲನ್ನು ನೀರಿನ ಚೊಂಬಿಗೆ ಒರಗಿಸಿಟ್ಟು ಒಂದು ಸೀರಿಯಲ್ ಕಿಲ್ಲರ್ ಸಿನಿಮಾ ನೋಡಿದೆವು. ಮೂರನೇ ಕೊಲೆ ಹೊತ್ತಿಗೆ ಅಕ್ಕ ಮುಖಕ್ಕೆ ಸೆರಗು ಮುಚ್ಚಿಕೊಂಡಳು. ಸೆರಗಿನ ಸಂದಿಯಿಂದ ನೋಡೋದು ಮಾತ್ರ ಬಿಡಲಿಲ್ಲ. ಮುಗಿದ ಮೇಲೆ "ಏ, ಕೆಳಗ ಚಿಲಕ ಹಾಕಿಯೇನು?" ಅಂದಳು. ಹಾಕಿದ್ದೆ. ಆದರೂ ಇಬ್ಬರೂ ಇಳಿದು ಹೋಗಿ ನೋಡಿ ಬಂದೆವು.

ಕೋಳಿ ಕೊಯ್ಯೋದನ್ನೂ ನೋಡದ ಹೆಂಗಸು ಅವಳು. ಇಂಥವಳಿಗೆ ಇದರಲ್ಲಿ ಏನು ರುಚಿ?

ರುಚಿ ಅಂತ ಸುಮ್ನೆ ಹೇಳಿಲ್ಲ. ಪಾಲ್ ರೋಜಿನ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞ ಜನ ಖಾರ ಯಾಕೆ ಇಷ್ಟಪಡುತ್ತಾರೆ ಅಂತ ವರ್ಷಗಟ್ಟಲೆ ಕೆದಕಿದವರು. ನಾಲಿಗೆ ಅಪಾಯ ಅಪಾಯ ಅಂತ ಕೂಗುತ್ತದೆ, ಏನೂ ಆಗಲ್ಲ ಅಂತ ತಲೆಗೆ ಗೊತ್ತಿರುತ್ತದೆ. ಮಜಾ ಇರೋದು ಅಲ್ಲೇ. ಹೆದರಿಸುವ ಸಿನಿಮಾಕ್ಕೂ ಅವರದು ಇದೇ ಲೆಕ್ಕ. ನಮ್ಮೂರಲ್ಲಾದರೆ ಸಂಜೆ ಮಿರ್ಚಿ ಬಂಡಿ ಮುಂದೆ ನಿಂತರೆ ಸಾಕಿತ್ತು. ಕಣ್ಣಲ್ಲಿ ನೀರು, ಮೂಗಲ್ಲಿ ನೀರು, "ಇನ್ನೆರಡು ಹಾಕಣ್ಣ"!

ಆದರೆ ಖಾರ ಒಂದೇ ಅಲ್ಲ. 2010ರಲ್ಲಿ ಅಮೆರಿಕದಲ್ಲೇ ಇನ್ನೊಂದು ಅಧ್ಯಯನ ಬಂತು. ನಿಜವಾಗಿ ನಡೆದ ಕೊಲೆಗಳ ಪುಸ್ತಕಗಳನ್ನು ಗಂಡಸರಿಗಿಂತ ಹೆಂಗಸರೇ ಜಾಸ್ತಿ ಬಯಸುತ್ತಾರಂತೆ. ಅದರಲ್ಲೂ ಸಿಕ್ಕಿಬಿದ್ದವಳು ಹೇಗೆ ತಪ್ಪಿಸಿಕೊಂಡಳು ಅನ್ನೋದು ಇದ್ದರೆ ಇನ್ನೂ ಇಷ್ಟ. ಅಕ್ಕನೂ ಅಷ್ಟೇ. "ಅವನ ಕಾರು ಹತ್ತಬ್ಯಾಡವ್ವ", "ಒಬ್ಬಾಕಿನೇ ಯಾಕ ಹೊಂಟಿ" ಅಂತ ಉದ್ದಕ್ಕೂ ಮೊಬೈಲಿಗೆ ಬುದ್ಧಿ ಹೇಳುತ್ತಿದ್ದಳು. ನೋಡುತ್ತಿದ್ದಳೋ, ತಾಲೀಮು ಮಾಡುತ್ತಿದ್ದಳೋ!

ನನ್ನ ತಕರಾರು ಇರೋದು ಕೊಲೆಗಾರನ ಮೇಲೆ. ಸಿನಿಮಾದಲ್ಲಿ ಅವನು ಮಹಾ ಬುದ್ಧಿವಂತ. ಒಳ್ಳೆ ಸಂಗೀತ ಕೇಳುತ್ತಾನೆ, ಪೊಲೀಸರಿಗೆ ಒಗಟು ಕಳಿಸುತ್ತಾನೆ. 'ದಿ ಸೈಲೆನ್ಸ್ ಆಫ್ ದಿ ಲ್ಯಾಂಬ್ಸ್'ನಲ್ಲಿ ಮನುಷ್ಯರನ್ನು ತಿನ್ನೋ ಡಾಕ್ಟರ್ ಆಗಿದ್ದ ಆಂಥನಿ ಹಾಪ್ಕಿನ್ಸ್‌ಗೆ ಶ್ರೇಷ್ಠ ನಟನ ಆಸ್ಕರ್ ಬಂತು. ಬರಬೇಕಾದ್ದೇ ಬಿಡಿ. ನಮ್ಮ ಬಯಲಾಟದಲ್ಲೂ ರಕ್ಕಸ ಬಂದಾಗಲೇ ಸೀಟಿ ಜಾಸ್ತಿ ಅಲ್ವಾ? ಆದರೆ ರಕ್ಕಸ ಅಂತ ಅವನ ಮೀಸೆ ನೋಡಿದರೇ ಗೊತ್ತಾಗುತ್ತದೆ.

ಮರುದಿನ ಅಕ್ಕನನ್ನು ಸಿಂಧನೂರು ಬಸ್ ಹತ್ತಿಸಲು ಹೋದಾಗ ಸೈನೈಡ್ ಮೋಹನನ ಕಥೆ ಹೇಳಿದೆ. ದಕ್ಷಿಣ ಕನ್ನಡದ ಕಡೆ ಪ್ರೈಮರಿ ಶಾಲೆ ಮೇಷ್ಟ್ರಾಗಿದ್ದವನು. ವರದಕ್ಷಿಣೆ ಬೇಡ, ಮದುವೆ ಆಗುತ್ತೇನೆ ಅಂತ ಬಡವರ ಮನೆ ಹೆಣ್ಣುಮಕ್ಕಳನ್ನು ನಂಬಿಸುತ್ತಿದ್ದ. ಊರು ಬಿಟ್ಟು ಕರೆದುಕೊಂಡು ಹೋಗಿ, ಗರ್ಭ ನಿಲ್ಲದಿರಲಿ ಅಂತ ಒಂದು ಮಾತ್ರೆ ಕೊಡುತ್ತಿದ್ದ. ಅದರಲ್ಲಿ ಸೈನೈಡ್. ಅವರು ಬಿದ್ದು ಸಾಯುತ್ತಿದ್ದದ್ದು ಬಸ್ ಸ್ಟ್ಯಾಂಡ್ ಶೌಚಾಲಯಗಳಲ್ಲಿ. 2009ರಲ್ಲಿ ಸಿಕ್ಕಿಬೀಳೋ ಹೊತ್ತಿಗೆ 20 ಜನ ಹೋಗಿದ್ದರು. ಒಗಟಿಲ್ಲ, ಸಂಗೀತವಿಲ್ಲ.

"ಅವರ ಮನ್ಯಾಗ ಯಾರೂ ಹುಡುಕಲಿಲ್ಲೇನು?" ಅಂದಳು ಅಕ್ಕ. ರಾತ್ರಿ ಸಿನಿಮಾದಲ್ಲಿ ಅಷ್ಟು ಜನ ಸತ್ತರೂ ಈ ಮಾತು ಇಬ್ಬರಿಗೂ ಹೊಳೆದಿರಲಿಲ್ಲ.

"ಮಗಳು ಯಾರ ಜೊತೀಗೋ ಓಡಿ ಹೋದಳು ಅಂತ ಮರ್ಯಾದಿಗೆ ಅಂಜಿ ಎಷ್ಟೋ ಮಂದಿ ಸುಮ್ನಾದರಂತ" ಅಂದೆ.

ಅಕ್ಕ ಮತ್ತೇನೋ ಕೇಳುವವಳಿದ್ದಳು. ಅಷ್ಟರಲ್ಲಿ ಬಸ್ ಬಂತು. ಕಿಟಕಿಯಿಂದ ಕರ್ಚೀಫು ಹಾಕಿ ಸೀಟು ಹಿಡಿಯಲು ಓಡಿದಳು.