ಎಡಗಾಲಿನ ಬೂಟು

ನಮ್ಮಪ್ಪ ಸೇನೆಯಿಂದ ಹವಾಲ್ದಾರ್ ಆಗಿ ನಿವೃತ್ತರಾದವರು. ಊರಿಗೆ ಬಂದು ಕಾಫಿ ತೋಟ ನೋಡಿಕೊಳ್ಳತೊಡಗಿದ ಮೇಲೆ ಒಂದು ನಾಯಿ ಸಾಕಿ ಅದಕ್ಕೆ ಸುಬೇದಾರ್ ಎಂದು ಹೆಸರಿಟ್ಟರು. ಅದರಲ್ಲೇನು ವಿಶೇಷ ಎಂದು ಸೇನೆಯ ಗಂಧಗಾಳಿ ಇಲ್ಲದವರು ಕೇಳಬಹುದು. ಹವಾಲ್ದಾರನಿಗಿಂತ ಸುಬೇದಾರ್ ಮೇಲಿನವನು. ಕೆಲಸದಲ್ಲಿದ್ದಷ್ಟು ದಿನವೂ ಸುಬೇದಾರರ ಹುಕುಂ ಕೇಳಿದ ಮನುಷ್ಯ ಕಳೆದ 11 ವರ್ಷಗಳಿಂದ ಬೆಳಿಗ್ಗೆ ಎದ್ದು, ಜಗಲಿಯಲ್ಲಿ ನೆಟ್ಟಗೆ ನಿಂತು, "ಸುಬೇದಾರ್, ಕೂರು" ಎನ್ನುತ್ತಾರೆ. ಸುಬೇದಾರ್ ಕೂರುತ್ತಾನೆ. ಆಗ ಅಪ್ಪನ ಮುಖದಲ್ಲಿ ಮೂಡುವ ತೃಪ್ತಿಯನ್ನು ಪಿಂಚಣಿ ಬಂದ ದಿನವೂ ನಾನು ಕಂಡಿಲ್ಲ.

ಈಗ ಸುಬೇದಾರನಿಗೂ ವಯಸ್ಸಾಗಿದೆ. ಮೂತಿ ಬೆಳ್ಳಗಾಗಿದೆ, ಮಳೆ ಹಿಡಿದರೆ ಹಿಂಗಾಲು ಸೆಳೆಯುತ್ತದೆ. ಮೇಲಿನ ಎಡಗಡೆಯ ಕೋರೆಹಲ್ಲು ಹೋಗಿದೆ. ಕಾಡುಹಂದಿಯ ಮೇಲೆ ಬಿದ್ದು ಹೋರಾಡುವಾಗ ಮುರಿದದ್ದು ಎಂದು ಅಪ್ಪ ನೆಂಟರಿಗೆಲ್ಲ ಹೇಳಿದ್ದಾರೆ. ಹಂದಿಯದೇ ನಿಜ, ಆದರೆ ಆಗ ಅದು ಮೂಳೆಯಾಗಿ ಪಾತ್ರೆಯಲ್ಲಿತ್ತು ಎನ್ನುವುದು ಅವ್ವನ ತಿದ್ದುಪಡಿ.

"ಇವನು ಗಟ್ಟಿಯಾಗಿರುವಾಗಲೇ ಒಂದು ಮರಿ ತಂದುಬಿಡೋಣ. ದೊಡ್ಡದನ್ನು ನೋಡಿ ಚಿಕ್ಕದು ತಾನಾಗಿಯೇ ಕಲಿಯುತ್ತದೆ" ಎಂದಳು ನನ್ನ ಹೆಂಡತಿ. ನಮ್ಮ ಮನೆಯಲ್ಲಿ ನಾಲ್ವರೂ ಒಪ್ಪಿದ ಮಾತು ಇದೊಂದೇ ಇರಬೇಕು. ಅದೂ ತಪ್ಪಾಯಿತು.

ಜೂನ್ ಕೊನೆಯ ವಾರ ಪೊನ್ನಂಪೇಟೆಯ ಗೆಳೆಯನ ಮನೆಯಿಂದ ಮರಿ ಬಂತು. ಎರಡು ತಿಂಗಳ ಹೆಣ್ಣುಮರಿ, ಹೊಳೆಯುವ ಕಪ್ಪು, ಅಂಗೈ ಮೇಲೆ ಕೂರುವಷ್ಟಿತ್ತು. ಅವ್ವ ನೋಡಿದವರೇ "ಮೆಣಸಿ" ಎಂದರು. ಒಣಗಿದ ಕರಿಮೆಣಸಿನ ಕಾಳಿನ ಹಾಗಿತ್ತು, ಅದಕ್ಕೆ. ಖಾರವೂ ಇದೆ ಎನ್ನುವುದು ಆಮೇಲೆ ತಿಳಿಯಿತು. ಅಪ್ಪ ಮಾತ್ರ ಅವಳನ್ನು ಆ ಹೆಸರಿನಿಂದ ಕರೆಯಲಿಲ್ಲ. ಹೊಸದಾಗಿ ಸೇನೆಗೆ ಸೇರಿದವನನ್ನು ಏನೆನ್ನುತ್ತಾರೋ ಅದೇ ಅವರ ಬಾಯಲ್ಲಿ ನಿಂತಿತು: ರಂಗರೂಟ್.

ಪಶುವೈದ್ಯರು ಎರಡು ಸೂಚನೆ ಕೊಟ್ಟಿದ್ದರು. ಒಂದು, ಲಸಿಕೆಗಳೆಲ್ಲ ಮುಗಿಯುವವರೆಗೆ, ಅಂದರೆ ಸುಮಾರು 16 ವಾರ ತುಂಬುವವರೆಗೆ, ಮರಿಯನ್ನು ಬೀದಿಯಲ್ಲಿ ಬಿಡಬಾರದು. ಪಾರ್ವೊ ಕಾಯಿಲೆ ಮಣ್ಣಿನಿಂದಲೂ ಹತ್ತುತ್ತದೆ. ಇನ್ನೊಂದು, ಹಳೆಯ ನಾಯಿಗೆ ಹೊಸ ಮರಿಯನ್ನು ಮನೆಯೊಳಗೆ ತೋರಿಸಬಾರದು, ಹಳೆಯದು ತನ್ನದೆಂದುಕೊಳ್ಳದ ಜಾಗದಲ್ಲಿ ಭೇಟಿ ಮಾಡಿಸಬೇಕು. ಎರಡೂ ಸರಿಯೇ. ಆದರೆ ಸುಬೇದಾರ್ 11 ವರ್ಷಗಳಿಂದ ಕಾಲೆತ್ತದ ಒಂದು ಗಿಡವಾದರೂ ನಮ್ಮ ತೋಟದಲ್ಲಿ ಇರಬೇಕಲ್ಲ! ಗೇಟು ಅವನದು, ಕಣ ಅವನದು, ಸಿಲ್ವರ್ ಓಕ್ ಮರಗಳು ಒಂದೊಂದೂ ಅವನವೇ. ಕೊನೆಗೆ ಉಳಿದದ್ದು ಮುಖ್ಯರಸ್ತೆಯ ಬಸ್ ತಂಗುದಾಣ.

ಹೀಗಾಗಿ ಧೋ ಎನ್ನುವ ಮಳೆಯಲ್ಲಿ ನಮ್ಮ ಇಡೀ ಕುಟುಂಬ ತಂಗುದಾಣದಲ್ಲಿ ಸೇರಿತು. ಮರಿಯ ಕಾಲು ನೆಲಕ್ಕೆ ತಾಗಬಾರದೆಂದು ಅಪ್ಪ ಅವಳನ್ನು ಮಳೆಕೋಟಿನೊಳಗೆ ಇಟ್ಟುಕೊಂಡಿದ್ದರು. ಎರಡು ಗುಂಡಿಗಳ ನಡುವಿನಿಂದ ಮೂತಿಯಷ್ಟೇ ಹೊರಗಿತ್ತು. ಆ ಕಡೆಯಿಂದ ನಾನು ಸುಬೇದಾರನನ್ನು ಹಗ್ಗ ಹಿಡಿದು ಕರೆತರಬೇಕು. ಸರಿಯಾಗಿ ಅದೇ ಹೊತ್ತಿಗೆ ನಾಪೋಕ್ಲಿನ ಬಸ್ ಬಂದು ನಿಂತಿತು. ನಾವು ಹತ್ತುತ್ತೇವೆಂದು ಕಂಡಕ್ಟರ್ ಬಾಗಿಲು ತೆರೆದು ಕಾದರು. ಸುಬೇದಾರ್ ಮುಂದೆ ಬಂದ. ಮಳೆಕೋಟಿನಿಂದ ಹೊರಚಾಚಿದ ಮೂತಿಯನ್ನು ಮೂಸಿದ. ಆಮೇಲೆ ಅಪ್ಪನ ಮುಖವನ್ನು ನೋಡಿದ ನೋಟವಿದೆಯಲ್ಲ, ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತೇ ಎನ್ನುವ ಹಾಗಿತ್ತು. "ಅಂತೂ ಹೆಣ್ಣು ನೋಡಿ ಆಯಿತಲ್ಲ, ರೈಟ್ ಹೇಳಿ" ಎಂದು ಬಸ್ಸಿನೊಳಗಿಂದ ಯಾರೋ ಕೂಗಿದರು.

ರಾತ್ರಿಯ ಪಾಳಿ ನನಗೆ ಬಿತ್ತು. ಮರಿ ಎಷ್ಟು ತಿಂಗಳದೋ ಅದಕ್ಕೊಂದು ಸೇರಿಸಿದರೆ ಬರುವಷ್ಟು ಗಂಟೆ ಮಾತ್ರ ಅದು ಮೂತ್ರ ತಡೆಯಬಲ್ಲದಂತೆ. ನಮ್ಮ ಲೆಕ್ಕಕ್ಕೆ 3 ಗಂಟೆ. ಹಾಗಾಗಿ 12ಕ್ಕೆ, 3ಕ್ಕೆ, 6ಕ್ಕೆ ಎದ್ದು ಗಮ್ ಬೂಟು ಹಾಕಿ, ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಟಾರ್ಚ್, ಕಂಕುಳಲ್ಲಿ ಮೆಣಸಿ. ಜುಲೈ ತಿಂಗಳ ಕೊಡಗಿನ ಮಳೆಯನ್ನು ಕಂಡವರಿಗೆ ವಿವರಿಸಬೇಕಿಲ್ಲ, ಕಾಣದವರಿಗೆ ವಿವರಿಸಿದರೂ ನಂಬುವುದಿಲ್ಲ. ಕರೆಂಟು ಹೋಗಿ ನಾಲ್ಕು ದಿನವಾಗಿತ್ತು. ಅವಳನ್ನು ಹುಲ್ಲಿನ ಮೇಲೆ ಇಳಿಸಿದರೆ ಒಂದು ಕಾಲು ಮೇಲೆತ್ತಿ ನಡುಗುತ್ತ ನಿಲ್ಲುವಳು. ನಾನು ಕೊಡೆಯನ್ನು ಅವಳ ತಲೆಯ ಮೇಲೆ ಹಿಡಿದು ನನ್ನ ಬೆನ್ನನ್ನು ಆಕಾಶಕ್ಕೆ ಒಪ್ಪಿಸುವೆ. ಹತ್ತು ನಿಮಿಷ. ಏನೂ ಇಲ್ಲ. ಒಳಗೆ ತಂದು, ಒರೆಸಿ, ಒಲೆಯ ಬಳಿಯ ಒಣಗಿದ ಗೋಣಿಯ ಮೇಲೆ ಬಿಟ್ಟ ಕೂಡಲೇ, ಅಬ್ಬ ಬದುಕಿದೆ ಎನ್ನುವ ಮುಖ ಮಾಡಿ ಅಲ್ಲಿಯೇ ಹರಿಸುವಳು. ಬೆಳಿಗ್ಗೆ ಎದ್ದು ನೋಡಿದರೆ ನನ್ನ ಕಾಲ್ಬೆರಳುಗಳ ಸಂದಿಯಲ್ಲಿ ಎರಡು ಜಿಗಣೆ, ರಕ್ತ ಕುಡಿದು ದುಂಡಗಾಗಿ, ನೇರಳೆ ಹಣ್ಣಿನಂತೆ. ಮೂರು ಪ್ರಾಣಿಗಳ ಹೊಟ್ಟೆ ತುಂಬಿದ ರಾತ್ರಿಯಲ್ಲಿ ನಿದ್ದೆಗೆಟ್ಟವನು ನಾನೊಬ್ಬನೇ.

ಅಪ್ಪ ಹಗಲಿನ ಶಿಕ್ಷಕರು. "ಸಾವಧಾನ್" ಎಂದರೆ ನಿಲ್ಲಬೇಕು, "ವಿಶ್ರಾಮ್" ಎಂದರೆ ಮಲಗಬೇಕು. ಮರಿಗಳು ದಿನಕ್ಕೆ 18 ಗಂಟೆ ನಿದ್ದೆ ಮಾಡುವುದರಿಂದ ಎರಡನೆಯ ಪಾಠದಲ್ಲಿ ಅವಳು ಪೂರ್ತಿ ಅಂಕ ಪಡೆದಳು. ಉಳಿದ ಹೊತ್ತೆಲ್ಲ ಸುಬೇದಾರನ ಕಿವಿಗೆ ಜೋತುಬೀಳುವುದೇ ಕೆಲಸ. ಅವನು ಮೊದಲು ಮುಖ ತಿರುಗಿಸುವನು, ಮತ್ತೆ ಎದ್ದು ಹೋಗುವನು, ಕೊನೆಗೆ ಗುರ್ರೆನ್ನುವನು. ಗುರ್ರೆಂದಾಗಲೆಲ್ಲ ನಾವು ನಾಲ್ವರೂ ಸೇರಿ ಆ ಮುದುಕನನ್ನು ಗದರಿಸುತ್ತಿದ್ದೆವು. ಪಶುವೈದ್ಯರಿಗೆ ಇದು ತಿಳಿದಾಗ ಗದರಿಸಿಕೊಳ್ಳುವ ಸರದಿ ನಮ್ಮದಾಯಿತು. ಗುರ್ರೆನ್ನುವುದು ನಾಯಿಯ ಎಚ್ಚರಿಕೆ. ಅದನ್ನು ಬಾಯಿ ಮುಚ್ಚಿಸಿದರೆ ನಾಳೆ ಎಚ್ಚರಿಕೆ ಕೊಡದೆಯೇ ಕಚ್ಚುವುದನ್ನು ಕಲಿಯುತ್ತದೆ, ಅವನಿಗೆ ಮರಿಯ ಕೈಗೆ ಸಿಗದ ಒಂದು ಜಾಗ ಕೊಡಿ, ಊಟ ಬೇರೆಬೇರೆ ಕಡೆ ಹಾಕಿ ಎಂದರು. ಜಗಲಿಯ ಮೇಲಿನ ಹಳೆಯ ಬೆಂಚು ಅಂದಿನಿಂದ ಸುಬೇದಾರನದಾಯಿತು. ಅಪ್ಪ ಕಾಫಿ ಕುಡಿಯುತ್ತಿದ್ದ ಬೆಂಚು ಅದು. ಅವರೀಗ ಮೆಟ್ಟಿಲ ಮೇಲೆ ಕೂರುತ್ತಾರೆ.

ಬೂಟುಗಳು ಕಾಣೆಯಾಗತೊಡಗಿದ್ದು ಇದೇ ದಿನಗಳಲ್ಲಿ.

ಮಳೆಗಾಲದಲ್ಲಿ ತೋಟದ ಮನೆಯ ಜಗಲಿಯಲ್ಲಿ ಗಮ್ ಬೂಟುಗಳು ಸಾಲಾಗಿ ನಿಂತಿರುತ್ತವೆ. ಒಂದು ಬೆಳಿಗ್ಗೆ ಅಪ್ಪನ ಎಡಗಾಲಿನ ಬೂಟು ಇಲ್ಲ. ವಾರ ಬಿಟ್ಟು ನನ್ನದು, ಅದೂ ಎಡಗಾಲಿನದು. ಹಲ್ಲು ಬರುವ ವಯಸ್ಸಿನ ಮರಿ ಮನೆಯಲ್ಲಿರುವಾಗ ತನಿಖೆಯ ಅಗತ್ಯವೇನು? ಮೆಣಸಿಯ ಬಾಯಲ್ಲಿ ಆಗ ಸೂಜಿಯಂಥ 28 ಹಾಲುಹಲ್ಲುಗಳಿದ್ದವು. ನನ್ನ ಚಪ್ಪಲಿಯ ಪಟ್ಟಿ, ಹೆಂಡತಿಯ ಸೆರಗು, ಗ್ಯಾಸ್ ಸಿಲಿಂಡರಿನ ಮುಚ್ಚಳ, ಎಲ್ಲದರ ಮೇಲೂ ಅವಳ ಸಹಿ ಇತ್ತು. ತೋಟವೆಲ್ಲ ಹುಡುಕಿದರೂ ಬೂಟು ಸಿಗಲಿಲ್ಲ. ಅಪ್ಪನಿಗೆ ಸಿಟ್ಟಿಗಿಂತ ಬೆರಗೇ ಹೆಚ್ಚು. "ನೋಡಿದೆಯಾ? ಕವಾಯತಿನಲ್ಲಿ ಎಡಗಾಲೇ ಮೊದಲು. ರಂಗರೂಟಿಗೆ ಯಾರು ಹೇಳಿಕೊಟ್ಟರು?" ಎಂದರು.

ನಾನು ಶುಕ್ರವಾರ ಮಡಿಕೇರಿ ಸಂತೆಗೆ ಹೋದವನು ಅಂಗಡಿಯೊಂದರಲ್ಲಿ ತಗ್ಗಿದ ದನಿಯಲ್ಲಿ ಕೇಳಿದೆ:

"ಎಡಗಾಲಿನದು ಮಾತ್ರ ಸಿಗಬಹುದೇ?"

ಅಂಗಡಿಯವರು ಮೇಜಿನ ಮೇಲಿಂದ ಬಗ್ಗಿ ನನ್ನ ಎರಡೂ ಕಾಲುಗಳನ್ನು ನೋಡಿದರು. "ಇನ್ನೊಂದನ್ನು ನಾನು ಯಾರಿಗೆ ಮಾರಲಿ?"

"ನಾಯಿಮರಿ..." ಎಂದೆ.

"ಹಾಗಾದರೆ ಎರಡು ಜೊತೆ ಕೊಂಡುಹೋಗಿ. ಮುಂದಿನ ವಾರ ಹೇಗೂ ಬರುತ್ತೀರಿ" ಎಂದರು. ವ್ಯಾಪಾರಿಗೆ ಭವಿಷ್ಯ ಕಾಣುತ್ತದೆ. ಆಗಸ್ಟ್ ಹೊತ್ತಿಗೆ ನಮ್ಮ ಮನೆಯಲ್ಲಿ ಜೊತೆಯಿಲ್ಲದ ಬಲಗಾಲಿನ ಬೂಟುಗಳು ಮೂರಾದವು. ಒಂದರಲ್ಲಿ ಅವ್ವ ಆಂಥೂರಿಯಂ ನೆಟ್ಟಿದ್ದಾರೆ. ಚೆನ್ನಾಗಿ ಬಂದಿದೆ.

ಇಷ್ಟರ ನಡುವೆ ಆಗಸ್ಟ್ 3 ಬಂತು, ಕೊಡವರ ಕಕ್ಕಡ ತಿಂಗಳ 18ನೇ ದಿನ. ಅಂದು ಮದ್ದುಸೊಪ್ಪಿನಲ್ಲಿ 18 ಬಗೆಯ ಔಷಧ ಸೇರುತ್ತದೆ ಎನ್ನುವುದು ನಮ್ಮ ಕಡೆಯ ನಂಬಿಕೆ. ಸೊಪ್ಪನ್ನು ಕುದಿಸಿದರೆ ಕಡುನೇರಳೆ ಬಣ್ಣದ ರಸ ಬಿಡುತ್ತದೆ, ಅದರಲ್ಲಿ ಅಕ್ಕಿ ಬೇಯಿಸಿ ಪಾಯಸ. ಅವ್ವ ಪಾತ್ರೆಯನ್ನು ಆರಲು ಹಿತ್ತಲ ಕಟ್ಟೆಯ ಮೇಲಿಟ್ಟು ಪಕ್ಕದ ಮನೆಗೆ ಹೋಗಿದ್ದರು. ಸಂಜೆ ನಾನು ತೋಟದಿಂದ ಬಂದಾಗ ಮೆಣಸಿ ಒಲೆಯ ಬಳಿ ಅಂಗಾತ ಬಿದ್ದಿದ್ದಳು. ಹೊಟ್ಟೆ ಉಬ್ಬಿತ್ತು. ಬಾಯಿ ತೆರೆದು ನೋಡಿದರೆ ನಾಲಿಗೆ, ವಸಡು, ಎಲ್ಲ ನೇರಳೆ! ಕೈಕಾಲು ನಡುಗುತ್ತ, ಮೊಬೈಲ್ ಸಿಗ್ನಲ್ಲಿಗಾಗಿ ಹಲಸಿನ ಮರದ ಬುಡಕ್ಕೆ ಓಡಿ ಪಶುವೈದ್ಯರಿಗೆ ಕರೆ ಮಾಡಿದೆ.

"ವಸಡಿನ ಬಣ್ಣ ಏನಿದೆ?"

"ನೇರಳೆ, ಡಾಕ್ಟರೇ!"

ಅವರ ದನಿ ಗಂಭೀರವಾಯಿತು. ಉಸಿರಾಟಕ್ಕೆ ಕಷ್ಟವಿದೆಯೇ? ಇಲ್ಲ, ಗೊರಕೆ ಹೊಡೆಯುತ್ತಿದ್ದಾಳೆ. ವಾಂತಿ? ಇಲ್ಲ. ಆ ಕಡೆ ಸ್ವಲ್ಪ ಹೊತ್ತು ಮೌನ.

"ಇವತ್ತು ತಾರೀಖು ಎಷ್ಟು?"

ಹೇಳಿದೆ.

"ಪಾಯಸಕ್ಕೆ ಒಣದ್ರಾಕ್ಷಿ ಹಾಕಿದ್ದೀರಾ? ದ್ರಾಕ್ಷಿ ನಾಯಿಗೆ ವಿಷ, ಅದಕ್ಕೇ ಕೇಳುತ್ತಿದ್ದೇನೆ."

ಅಷ್ಟರಲ್ಲಿ ಅವ್ವ ಬಂದಿದ್ದರು. "ಮದ್ದುಪಾಯಸಕ್ಕೆ ದ್ರಾಕ್ಷಿ ಹಾಕುವವರು ಯಾರೋ? ಅವರೇನು ಕೊಡಗಿನವರೇ?" ಎಂದು ಫೋನಿಗೇ ಬಾಯಿ ಹಾಕಿ ಕೇಳಿದರು. ಡಾಕ್ಟರು ನಕ್ಕು, ಬೆಳಗಿನವರೆಗೆ ಕಣ್ಣಿಟ್ಟಿರಿ, ವಾಂತಿಯಾದರೆ ಕರೆತನ್ನಿ ಎಂದರು.

ಆದರೆ ಒಂದು ಪ್ರಶ್ನೆ ಉಳಿಯಿತು. ಕಟ್ಟೆ ನನ್ನ ಸೊಂಟದೆತ್ತರ. ಅಂಗೈಯಷ್ಟಿದ್ದ ಮರಿ ಈಗ ಮೊಣಕಾಲಿನಷ್ಟಾಗಿತ್ತು, ಒಪ್ಪಿದೆ. ಆದರೂ ಆ ಪಾತ್ರೆಯನ್ನು ಕೆಳಗಿಳಿಸಿದವರು ಯಾರು? ಜಗಲಿಗೆ ಬಂದು ನೋಡಿದರೆ ಸುಬೇದಾರ್ ಬೆಂಚಿನ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದ. "ಸುಬೇದಾರ್" ಎಂದು ಕರೆದೆ. ಮೆಲ್ಲನೆ ತಿರುಗಿದ. ಆ ಬೆಳ್ಳನೆಯ ಮೂತಿಯ ಮೇಲೆ ಒಂದು ದಪ್ಪನೆಯ ನೇರಳೆ ಮೀಸೆ.

"ಮರಿ ಬಲವಂತ ಮಾಡಿರಬೇಕು" ಎಂದರು ಅಪ್ಪ.

ಮದ್ದುಸೊಪ್ಪು ತಿಂದವರ ಮೂತ್ರ ಮರುದಿನ ಕೆಂಪಾಗುತ್ತದೆ. ಅದಾದರೆ ಮದ್ದು ಮೈಗೆ ಹಿಡಿಯಿತು ಎಂದು ಲೆಕ್ಕ. ನಾಯಿಗಳಿಗೂ ಹಿಡಿಯುತ್ತದೆಯೇ ಎಂದು ನೋಡಲು ಅಪ್ಪ ಮರುದಿನ ಬೆಳಿಗ್ಗೆ ಕೊಡೆ ಹಿಡಿದು ಸುಬೇದಾರನ ಹಿಂದೆ ಮರದಿಂದ ಮರಕ್ಕೆ ಅಲೆದರು. ಆ ಮಳೆಯಲ್ಲಿ ಏನು ತಾನೇ ಕಾಣುತ್ತದೆ?

ಅಲ್ಲಿಂದ ನಾನು ಸುಬೇದಾರನನ್ನು ಸ್ವಲ್ಪ ಗಮನಿಸತೊಡಗಿದೆ. ಹನ್ನೊಂದು ವರ್ಷ ಅಡುಗೆಮನೆಯ ಹೊಸ್ತಿಲು ದಾಟದವನು ಈಗ ಮುಂಗಾಲು ಎರಡನ್ನೂ ಒಳಗಿಟ್ಟು, ಉಳಿದ ದೇಹ ಹೊರಗೇ ಇದೆಯಲ್ಲ ಎನ್ನುವಂತೆ ನಿಲ್ಲುತ್ತಿದ್ದ. ಬಸ್ಸಿಗೆ ಒಂದು, ಅಂಚೆಯವರಿಗೆ ಎರಡು, ಅಪರಿಚಿತರಿಗೆ ಸತತ, ಇದು ಅವನ ಬೊಗಳುವ ಶಿಸ್ತಾಗಿತ್ತು. ಮೆಣಸಿ ಹಲಸಿನ ಹಣ್ಣು ಬಿದ್ದರೂ ಬೊಗಳುವಳು. ಈಗ ಇವನೂ ದನಿಗೂಡಿಸುತ್ತಿದ್ದ. ಅಪ್ಪ ಇದಕ್ಕೂ ಸಮರ್ಥನೆ ಕಂಡುಕೊಂಡಿದ್ದರು: "ಹಲಸಿನ ವಾಸನೆಗೆ ಆನೆ ತೋಟಕ್ಕೆ ಬರುತ್ತದೆ. ಮೊದಲೇ ಎಚ್ಚರಿಸುವುದು ತಪ್ಪೇ?" ಕಲಿಸುವವನು ಯಾರು, ಕಲಿಯುವವನು ಯಾರು ಎಂದು ನನ್ನ ಹೆಂಡತಿಯನ್ನು ಕೇಳಿದೆ. ಅವಳು ಬೇರೆ ಮಾತು ತೆಗೆದಳು.

ಸೆಪ್ಟೆಂಬರ್ 3, ಕೈಲ್ ಮುಹೂರ್ತ, ಕೊಡಗಿನ ಆಯುಧಪೂಜೆಯ ಹಬ್ಬ. ಕೋವಿಗಳನ್ನು ಒರೆಸಿ, ಹೂವಿಟ್ಟು ಪೂಜೆ ಮಾಡಿದ್ದಾಯಿತು, ಕಡಂಬುಟ್ಟು ಪಂದಿಕರಿಯ ಊಟ ಮುಗಿಸಿದ್ದಾಯಿತು. ಮಧ್ಯಾಹ್ನ ಊರಿನ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಇಲ್ಲಿ ನಮ್ಮ ಮನೆಯ ಗುಟ್ಟೊಂದನ್ನು ಬಿಚ್ಚಲೇಬೇಕು: ಹವಾಲ್ದಾರರ ಸುಬೇದಾರನಿಗೆ ಗುಂಡಿನ ಸದ್ದೆಂದರೆ ಜೀವಭಯ. ಮೊದಲ ಗುಂಡು ಹಾರುತ್ತಲೇ ಅಪ್ಪನ ಮಂಚದ ಕೆಳಗೆ, ಗೋಡೆಯ ಮೂಲೆ ಸೇರುತ್ತಾನೆ. ಬಂದವರು ಕೇಳಿದರೆ ಅಪ್ಪ "ತೋಟದಲ್ಲಿ ಗಸ್ತಿಗೆ ಹೋಗಿದ್ದಾನೆ" ಎನ್ನುತ್ತಾರೆ.

ಈ ಸಲವೂ ಹೋಗಿ ಸೇರಿದ. ಮೆಣಸಿ ಅಂಗಳದಲ್ಲಿ ನಿಂತು ಒಂದು ಗುಂಡು ಕೇಳಿದಳು, ಎರಡು ಕೇಳಿದಳು, ಕಿವಿ ಒಂದು ಕಡೆ ವಾಲಿಸಿದಳು. ಆಮೇಲೆ ಇವನೆಲ್ಲಿ ಹೋದನೆಂದು ಹುಡುಕಿ ತಾನೂ ಮಂಚದ ಕೆಳಗೆ ನುಸುಳಿದಳು. ಸಂಜೆ ಕತ್ತಲಾದರೂ ಇಬ್ಬರೂ ಹೊರಗೆ ಬರಲಿಲ್ಲ. ಅಪ್ಪ ಟಾರ್ಚ್ ಹಿಡಿದು ಮೊಣಕಾಲೂರಿದರು, ನಾನು ಪಕ್ಕದಲ್ಲಿ ನೆಲಕ್ಕೆ ಕೆನ್ನೆಯಿಟ್ಟೆ.

ಮೂಲೆಯಲ್ಲಿ ಸುಬೇದಾರ್. ಅವನ ಹೊಟ್ಟೆಗೆ ಬೆನ್ನು ಕೊಟ್ಟು ಮೆಣಸಿ ನಿದ್ದೆ ಹೋಗಿದ್ದಳು. ಅವನ ಗದ್ದದ ಕೆಳಗೆ ದಿಂಬಿನ ಹಾಗೆ ಒಂದು ಎಡಗಾಲಿನ ಬೂಟು. ಹಿಂದೆ ಇನ್ನೆರಡು.

ಅಪ್ಪ ಕೈಚಾಚಿ ಒಂದನ್ನು ಹೊರಗೆಳೆದರು. ಹಿಮ್ಮಡಿಯ ಮೇಲೆ ಟಾರ್ಚ್ ಬಿಟ್ಟರು. ಸೂಜಿಯಂಥ ಸಣ್ಣ ಗುರುತು ಒಂದೂ ಇರಲಿಲ್ಲ. ಇದ್ದದ್ದು ಕಡಲೆಕಾಳಿನಷ್ಟು ದೊಡ್ಡ ತೂತುಗಳು: ಬಲಗಡೆ ಮೇಲೊಂದು ಕೆಳಗೊಂದು, ಎಡಗಡೆ ಕೆಳಗೆ ಮಾತ್ರ. ಎಡಗಡೆ ಮೇಲೆ ಹಲ್ಲು ಊರಬೇಕಾದಲ್ಲಿ ರಬ್ಬರು ನುಣ್ಣಗೆ ಹಾಗೆಯೇ ಉಳಿದಿತ್ತು.

ಅಪ್ಪ ಬಹಳ ಹೊತ್ತು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಜಗಲಿಯಿಂದ ಅವ್ವ, "ಏನಾದರೂ ಸಿಕ್ಕಿತೇ?" ಎಂದು ಕೂಗಿದರು.

"ಏನೂ ಇಲ್ಲ" ಎಂದರು ಅಪ್ಪ. ಟಾರ್ಚ್ ಆರಿಸಿ, ಬೂಟನ್ನು ಮೆಲ್ಲನೆ ಮಂಚದ ಕೆಳಗೇ ತಳ್ಳಿದರು.